ಸುಂಕದ ಆಫೀಸಿನ ಅಡಿಕೆ ಡಬ್ಬಿ

ನನಗೆ ಕೂತಲ್ಲಿ ಕೂತು ಅಭ್ಯಾಸವಿಲ್ಲ. ಈಗ ಮಂಡಿ ನೋವು ಬಂದ ಮೇಲೂ ಅಷ್ಟೇ, ಅಂಗಳಕ್ಕೊಮ್ಮೆ, ಅಡಿಗೆ ಮನೆಗೊಮ್ಮೆ ಹೋಗಿ ಬಂದು ಮಾಡುತ್ತಲೇ ಇರುತ್ತೇನೆ. ಮೊಮ್ಮಕ್ಕಳು "ಅಜ್ಜಿಯ ಕಾಲಿಗೆ ಇರುವೆ ಹತ್ತಿದೆ" ಎಂದು ನಗುತ್ತಾರೆ. ನಗಲಿ. ಇಂಥ ನಾನು ಪ್ರಾಯದಲ್ಲಿ ಹದಿಮೂರು ವರ್ಷ ಮಾಡಿದ್ದು ಬೆಳಿಗ್ಗೆಯಿಂದ ಸಂಜೆಯವರೆಗೆ ಚಕ್ಕಳಮಕ್ಕಳ ಹಾಕಿ ಕೂತೇ ಮಾಡುವ ಕೆಲಸ. ಪುತ್ತೂರು ಪೇಟೆಯ ಒಂದು ಚಾವಡಿಯಲ್ಲಿ ಅಡಿಕೆ ಆಯುವುದು.

ಗುತ್ತಿಗಾರಿನ ಆಚೆ ಹುಟ್ಟಿದವಳು, ಮದುವೆಯಾಗಿ ಪುತ್ತೂರಿಗೆ ಬಂದವಳು. ನಮ್ಮವರು ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದರು, ನಾನು ಚಾವಡಿಗೆ. ಅಲ್ಲಿ ಮೂವತ್ತು ಹೆಂಗಸರು ಸಾಲಾಗಿ ಕೂತು ರಾಶಿಯಿಂದ ಒಳ್ಳೆಯದು, ಒಡಕು, ಚಿಪ್ಪು ಅಂಟಿದ್ದು, ಒಳಗೆ ಕಪ್ಪಾದದ್ದು ಎಂದು ಬೇರೆ ಮಾಡಬೇಕು. ನನ್ನ ಕೈಗೆ ಒಂದು ಹೆಸರು ಬಂದಿತ್ತು. ಅಡಿಕೆಯನ್ನು ಅಂಗೈಯಲ್ಲಿ ಒಮ್ಮೆ ಉರುಳಿಸಿದರೆ ಸುಬ್ರಹ್ಮಣ್ಯದ ಕಡೆಯದೋ ಕಬಕದ ಕಡೆಯದೋ ಹೇಳುತ್ತಿದ್ದೆ. ಅಡಕತ್ತರಿಯಲ್ಲಿ ಕತ್ತರಿಸಿದರಂತೂ ಎಷ್ಟು ವರ್ಷ ಹಳೆಯದು, ಎಂಥ ಜಾಗದಲ್ಲಿ ಇಟ್ಟದ್ದು ಎಂದೂ ಹೇಳುತ್ತಿದ್ದೆ. ಜಂಬ ಎಂದರೆ ಜಂಬವೇ. ಓದು ಬರಹ ಇಲ್ಲದವಳಿಗೆ ಅಷ್ಟಾದರೂ ಬೇಡವೇ?

ಚಾವಡಿಯ ಸಾಹುಕಾರರು ಬ್ಯಾರಿಗಳು, ನಮ್ಮ ಕರಾವಳಿಯ ಮುಸಲ್ಮಾನರು. ಐವತ್ತು ದಾಟಿದ ಮನುಷ್ಯ, ತೆಳ್ಳಗೆ, ಮಾತು ಮೆಲ್ಲಗೆ. ಅವರ ಗೋಣಿಗಳ ಮೇಲೆ ಒಂದು ಗುರುತು ಇರುತ್ತಿತ್ತು: ಉಂಗುರದೊಳಗೆ ಮೂರು ಚುಕ್ಕಿ. ತಗಡಿನಲ್ಲಿ ಕೊರೆದ ಅಚ್ಚನ್ನು ಗೋಣಿಯ ಮೇಲಿಟ್ಟು ಕಪ್ಪು ಬಣ್ಣ ಬಳಿಯುವುದು. ಆ ಗುರುತು ಕಂಡರೆ ಗುಜರಾತಿನ ಕಡೆಯ ವ್ಯಾಪಾರಿಗಳು ಗೋಣಿಯ ಬಾಯಿ ಬಿಚ್ಚದೆ ತೆಗೆದುಕೊಳ್ಳುತ್ತಿದ್ದರಂತೆ. ಅಚ್ಚನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ, ಪ್ರತಿ ಗೋಣಿಗೂ ತಾವೇ ಬಗ್ಗಿ ಹಾಕುತ್ತಿದ್ದರು.

"ಸೊಂಟ ಮುರಿದೀತು ಸಾಹುಕಾರ್ರೆ, ಬೇರೆಯವರಿಗೆ ಕೊಡಿ" ಎಂದರೆ, "ಇದು ನನ್ನ ಹೆಸರಲ್ವಾ ಮಗಳೇ, ಬೇರೆಯವರ ಕೈಯಲ್ಲಿ ಹೇಗೆ ಬರೆಸುದು?" ಎನ್ನುತ್ತಿದ್ದರು.

ಆ ಹೆಸರಿಗೆ ಮಸಿ ಬಿದ್ದದ್ದು ಒಂದು ಹರಿವಾಣ ಎಲೆಅಡಿಕೆಯಿಂದ.

ನಮ್ಮಲ್ಲಿ ಆಗ ಒಂದು ಕ್ರಮ ಇತ್ತು. ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ ಮಾಲು ಕೊಡುವಾಗ ಮೊದಲು ಹರಿವಾಣದಲ್ಲಿ ವೀಳ್ಯದೆಲೆ, ಮೇಲೊಂದು ಅಡಿಕೆ ಇಟ್ಟು ಮುಂದೆ ಹಿಡಿಯುತ್ತಾನೆ. ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿದರೆ ಮುಗಿಯಿತು, ನಂಬಿದೆ ಎಂದು ಅರ್ಥ. ಹರಿವಾಣದ ಅಡಿಕೆಯನ್ನಾಗಲಿ, ಆಮೇಲೆ ಅವನ ಗೋಣಿಯದ್ದನ್ನಾಗಲಿ ಕತ್ತರಿಸಿ ನೋಡಬಾರದು. ನೋಡಿದರೆ ಅವನ ಮುಖಕ್ಕೆ ಹೊಡೆದ ಹಾಗೆ. ಒಂದು ವರ್ಷ ಕಡಬದ ಕಡೆಯಿಂದ ಬರಬೇಕಾದ ಮಾಲು ತಡವಾಯಿತು. ಉತ್ತರಕ್ಕೆ ಹೋಗುವ ಲಾರಿ ತುಂಬಿಸಲು ಇಪ್ಪತ್ತು ಗೋಣಿ ಕಮ್ಮಿ. ಆಗ ಪೇಟೆಯ ಕೆಳಗಿನ ರಸ್ತೆಯ ದೊಡ್ಡ ಗೋದಾಮಿನ ದಣಿ "ನನ್ನಲ್ಲಿ ಉಂಟಲ್ಲ" ಎಂದು ತಾನೇ ಹರಿವಾಣ ಹಿಡಿದುಕೊಂಡು ಬಂದ. ಸಾಹುಕಾರರು ಎಲೆ ತೆಗೆದುಕೊಂಡರು. ಇಪ್ಪತ್ತು ಗೋಣಿ ಬಂತು. ನಾನು ಅಡಕತ್ತರಿ ಹಿಡಿದು ಎದ್ದವಳು.

"ಕೂತುಕೊ ಮಗಳೇ. ಎಲೆ ತಿಂದಾಗಿದೆ" ಎಂದರು.

ಕೂತೆ. ಅಂದು ನಾನು ಕೂರಬಾರದಿತ್ತು. ಅದೇ ಗೋಣಿಗಳ ಮೇಲೆ ಉಂಗುರ ಮೂರು ಚುಕ್ಕಿ ಬಿತ್ತು, ಲಾರಿ ಹೋಯಿತು.

ಒಂದು ತಿಂಗಳಲ್ಲಿ ಪೂರಾ ಲೋಡು ಹಿಂದೆ ಬಂತು. ಜೊತೆಗೆ ಕಾಗದ: ಇದು ಪುತ್ತೂರಿನ ಅಡಿಕೆಯಲ್ಲ, ನಿಮ್ಮ ಗುರುತಿನ ಮಾಲು ಇನ್ನು ನಮಗೆ ಬೇಡ. ಸಾಹುಕಾರರು ಕಾಗದವನ್ನು ಎರಡು ಸಲ ಓದಿ ಮಡಚಿ ಕಿಸೆಗೆ ಹಾಕಿದರು. ನಾನು ಆ ಇಪ್ಪತ್ತರಲ್ಲಿ ಒಂದು ಗೋಣಿ ಬಿಚ್ಚಿ ಕತ್ತರಿಸಿದೆ. ಅಯ್ಯೋ! ನಮ್ಮ ಅಡಿಕೆ ಕತ್ತರಿಸಿದರೆ ಬಿಳಿಯ ಮೇಲೆ ಸಣ್ಣ ಕಂದು ಗೆರೆ, ಒಂದಕ್ಕೊಂದು ಹೆಣೆದ ಹಾಗೆ. ಇದರಲ್ಲಿ ಗೆರೆಯೆಲ್ಲ ದಪ್ಪ, ನಡುವೆ ಟೊಳ್ಳು, ಮೂಗಿಗೆ ಹಿಡಿದರೆ ಹಡಗಿನ ತಳದ ಮುಗ್ಗು ವಾಸನೆ. ಬಾಯಿಗೆ ಹಾಕಿದರೆ ನಾಲಿಗೆ ಹಿಡಿಯುವ ಚೊಗರೇ ಇಲ್ಲ, ಸಪ್ಪೆ. ಸಿಂಗಾಪುರದ ಕಡೆಯಿಂದ ಬರುವ ಇಂಥದ್ದಕ್ಕೆ ನಾವು ಹೆಂಗಸರು 'ಹಡಗಿನ ಅಡಿಕೆ' ಎನ್ನುತ್ತಿದ್ದೆವು.

ಗೋದಾಮಿನ ದಣಿಯನ್ನು ಕೇಳಲು ಹೋದರೆ ಅವನು ನಕ್ಕ. "ನಾನು ಕೊಟ್ಟದ್ದು ಊರಿನದ್ದೇ. ನೀವು ಎಂತ ಬೆರೆಸಿದ್ರೋ ಯಾರಿಗೆ ಗೊತ್ತು?" ಎಂದ. ಎಲೆ ಕೊಟ್ಟವನ ಬಾಯಲ್ಲಿ ಈ ಮಾತು!

ಸಾಹುಕಾರರು ಜಗಳಕ್ಕೆ ಹೋಗುವವರಲ್ಲ. ಸೀದಾ ಸುಂಕದ ಆಫೀಸಿಗೆ ಹೋಗಿ ಅರ್ಜಿ ಕೊಟ್ಟರು. ಆಫೀಸು ಎಂದರೆ ಬಾಡಿಗೆಗೆ ಹಿಡಿದ ಒಂದು ಹಳೆ ಮನೆ. ಅದರಲ್ಲಿ ಧಾರವಾಡದ ಕಡೆಯ ಇನ್‌ಸ್ಪೆಕ್ಟರು, ಮತ್ತೆ ಕಬಕದಿಂದ ನಡೆದು ಬರುವ, ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಜವಾನ. ಇನ್‌ಸ್ಪೆಕ್ಟರು ಒಳ್ಳೆಯವರು, ಆದರೆ ಎಲೆಅಡಿಕೆ ಮುಟ್ಟದ ಮನುಷ್ಯ. ಚಹಾ ಒಂದೇ. ಅಡಿಕೆ ಅವರಿಗೆ ಎಲ್ಲಾ ಒಂದೇ ಥರ ಕಾಣುತ್ತಿತ್ತು.

ಅವರೇ ನಮಗೆ ಒಳಗಿನ ಸಂಗತಿ ಬಿಡಿಸಿ ಹೇಳಿದ್ದು. ದಣಿ ಹಡಗಿನ ಕಾಗದದಲ್ಲಿ ಅಡಿಕೆ ತಿನ್ನುವುದಕ್ಕೆ ಎಂದು ಬರೆಸುವುದೇ ಇಲ್ಲ, 'ಬಣ್ಣ ತೆಗೆಯಲು ಹಾಳು ಅಡಿಕೆ' ಎಂದು ಬರೆಸುತ್ತಾನೆ. ಹಾಳು ಸಾಮಾನಿಗೆ ಸುಂಕ ಇಲ್ಲದ ಹಾಗೆಯೇ. ಬಂದರಿನಿಂದ ಅದು ಯಾವ ಬಣ್ಣದ ಕಾರ್ಖಾನೆಗೂ ಹೋಗದೆ ಸೀದಾ ಪುತ್ತೂರಿಗೆ ಬಂದು ಊರ ಅಡಿಕೆಯ ಜೊತೆ ಸೇರುತ್ತದೆ. ಮೊದಲು ಎರಡು ಸಲ ಹಿಡಿದಿದ್ದರಂತೆ. ಎರಡು ಸಲವೂ ಬಸ್ಸಿನ ಟಿಕೇಟು ತೆಗೆದಷ್ಟು ಸಲೀಸಾಗಿ ಜುಲ್ಮಾನೆ ಕಟ್ಟಿ ಮೀಸೆ ತಿರುವಿಕೊಂಡು ಹೋಗಿದ್ದಾನೆ.

"ಈಗ ಕಾಯ್ದೆ ಬಿಗಿ ಆಗೇದವ್ವಾ" ಎಂದರು ಇನ್‌ಸ್ಪೆಕ್ಟರು ನನಗೆ. "ದಂಡ ಕಟ್ಟಿ ಪಾರಾಗೋ ಆಟ ಮುಗೀತು. ಕೋರ್ಟಿನ್ಯಾಗ ಸಾಬೀತು ಆದ್ರ ಜೈಲು. ಆದ್ರ ಗೋದಾಮಿನ್ಯಾಗಿದ್ದದ್ದು ಪರದೇಶದ ಅಡಿಕೀನ ಅಂತ ಯಾರರೆ ಕತ್ತರಿಸಿ ತೋರಸ್ಬೇಕು. ನೀನ ಬಾ."

ಗೋದಾಮಿಗೆ ನುಗ್ಗಿ ಮಾಲು ಹಿಡಿದ ದಿನ ನಾನೂ ಇದ್ದೆ. ರಾಶಿಯಿಂದ ಇನ್ನೂರು ಅಡಿಕೆ ಎಣಿಸಿ ಒಂದು ತಗಡಿನ ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಮಹಜರು ಬರೆದು, ನನ್ನ ಹೆಬ್ಬೆಟ್ಟೂ ಹಾಕಿಸಿದರು. ಉಳಿದ ಗೋಣಿಗಳನ್ನು ಮಳೆಗಾಲದಲ್ಲಿ ಹುಳ ಬೀಳುತ್ತದೆ ಎಂದು ಸರ್ಕಾರವೇ ಏಲಂ ಮಾಡಿ ಮುಗಿಸಿತು. ಕೊನೆಗೆ ಸಾಹುಕಾರರ ಹೆಸರು ಉಳಿಯುವುದೋ ಹೋಗುವುದೋ ಎಂಬುದು ಆ ಒಂದು ಡಬ್ಬಿಯ ಮೇಲೆ ನಿಂತಿತು. ಕೋರ್ಟಿನಲ್ಲಿ ತೀರ್ಪಾದರೆ ಅದರ ಪ್ರತಿಯನ್ನು ಉತ್ತರದ ವ್ಯಾಪಾರಿಗಳಿಗೆ ಕಳಿಸುವುದು, ಬೆರೆಸಿದವ ನಾನಲ್ಲ ಎಂದು ತೋರಿಸುವುದು, ಇದೊಂದೇ ಅವರ ಆಸೆ. ಇಲ್ಲದಿದ್ದರೆ ಚಾವಡಿಗೆ ಬೀಗ.

ಕೋರ್ಟು ಎಂದರೆ ವಾಯಿದೆ. ಈ ತಿಂಗಳು ವಕೀಲರಿಗೆ ಜ್ವರ, ಮುಂದಿನ ತಿಂಗಳು ದಣಿಗೆ ಎದೆನೋವು, ಅದರ ಮುಂದಿನ ತಿಂಗಳು ಮ್ಯಾಜಿಸ್ಟ್ರೇಟರಿಗೆ ವರ್ಗ. ಪ್ರತಿ ಸಲ ನಾನು ಅರ್ಧ ದಿನದ ಕೆಲಸ ಬಿಟ್ಟು ಹೋಗಿ ಸುಂಕದ ಆಫೀಸಿನ ಜಗಲಿಯಲ್ಲಿ ಕಾಯಬೇಕು. ಕಾಯುವುದೆಂದರೆ ನನಗೆ ಮೈಮೇಲೆ ತುರಿಕೆ ಸೊಪ್ಪು ಹಾಕಿದ ಹಾಗೆ. ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವುದು, ಬಾಗಿಲಿಗೆ ಇಣುಕುವುದು, ಪುನಃ ನಡೆಯುವುದು. ಆ ಜವಾನ ಪಾಪ, ನನ್ನ ಅವಸ್ಥೆ ನೋಡಲಾರದೆ ಎಲೆಗೆ ಸುಣ್ಣ ಹಚ್ಚಿ ಕೊಡುತ್ತಿದ್ದ.

"ಒಮ್ಮೆ ಕೂತ್ಕೊಳ್ಳಿ ಅಕ್ಕ, ನನಗೆ ತಲೆ ತಿರುಗ್ತದೆ. ತಕ್ಕೊಳ್ಳಿ, ಎಲೆ ಹಾಕಿ."

ಹಾಕುತ್ತಿದ್ದೆ. ಒಮ್ಮೆ ಜಗಿಯುತ್ತಾ ಮುಖ ಕಿವಿಚಿದೆ. "ಇದೆಂತ ಅಡಿಕೆ ಮಾರಾಯ್ರೆ? ಚೊಗರೂ ಇಲ್ಲ, ಎಂತದೂ ಇಲ್ಲ. ಒಳ್ಳೆ ಮರದ ತುಂಡು ಅಗಿದ ಹಾಗೆ."

"ನಿಮ್ಮ ಬಾಯಿಗೆ ಎಂತದೂ ಸರಿ ಆಗುದಿಲ್ಲ" ಎಂದ ಜವಾನ.

ನಾನು ಜಗಲಿಯ ಆಚೆ ಉಗುಳಿ ಪುನಃ ನಡೆಯತೊಡಗಿದೆ. ನನ್ನ ತಲೆಯೆಲ್ಲ ವಾಯಿದೆಯ ಮೇಲೆ.

ಅಂತೂ ಏಳೆಂಟು ತಿಂಗಳಾದ ಮೇಲೆ ಕೇಸು ಕರೆದರು. ಕೋರ್ಟಿನಲ್ಲಿ ಜನ ತುಂಬಿತ್ತು, ಪೇಟೆಯ ಅರ್ಧ ವ್ಯಾಪಾರಿಗಳು ಬಂದಿದ್ದರು. ಸಾಹುಕಾರರು ಹಿಂದಿನ ಬೆಂಚಿನಲ್ಲಿ ಟೊಪ್ಪಿ ಸರಿಮಾಡಿಕೊಳ್ಳುತ್ತಾ ಕೂತಿದ್ದರು. ಡಬ್ಬಿ ತಂದರು. ಮುದ್ರೆ ಸರಿಯಾಗಿದೆ. ಬಟ್ಟೆ ಬಿಚ್ಚಿದರು, ಎಣಿಸಿದರು. ಇನ್ನೂರಕ್ಕೆ ಇನ್ನೂರು! ಇನ್‌ಸ್ಪೆಕ್ಟರ ಮುಖ ಅರಳಿತು. ಬಾಗಿಲಲ್ಲಿ ನಿಂತ ಜವಾನನ ಮುಖವೂ ಅರಳಿತು.

ನನ್ನ ಕೈಗೆ ಅಡಕತ್ತರಿ ಕೊಟ್ಟರು. ಡಬ್ಬಿಗೆ ಕೈ ಹಾಕಿ ಒಂದು ಅಡಿಕೆ ತೆಗೆದೆ. ಅಂಗೈಯಲ್ಲಿ ಒಮ್ಮೆ ಅಲ್ಲ, ಎರಡು ಸಲ ಉರುಳಿಸಿದೆ. ಕತ್ತರಿಸಿದೆ. ಬಿಳಿಯ ಮೇಲೆ ಸಣ್ಣ ಕಂದು ಗೆರೆ, ಹೆಣೆದ ಹಾಗೆ. ಇನ್ನೊಂದು ತೆಗೆದೆ. ಹಾಗೆಯೇ. ಹತ್ತು ಕತ್ತರಿಸಿದೆ. ಹತ್ತೂ ನಮ್ಮೂರ ಅಡಿಕೆ. ಅದೂ ಎಂಥದ್ದು, ಮನೆಯವರು ತಾವು ತಿನ್ನಲೆಂದು ಆರಿಸಿ ಅಟ್ಟದಲ್ಲಿ ಎರಡು ವರ್ಷ ಹೊಗೆಗೆ ಇಟ್ಟ ಒಂದನೇ ನಂಬರಿನದ್ದು.

ದಣಿಯ ವಕೀಲ ಎದ್ದು ನಿಂತ. "ಹೇಳಿ. ಇದು ಪರದೇಶದ್ದೋ, ಈ ಊರಿನದ್ದೋ?"

ಹಡಗಿನದ್ದು ಎಂದು ಒಂದು ಮಾತು ಹೇಳಿದರೆ ಸಾಕು, ಆ ಕೋರ್ಟಿನಲ್ಲಿ ಎದ್ದು ನಿಂತು ಅಲ್ಲ ಎನ್ನುವವರು ಯಾರಿದ್ದರು? ಮ್ಯಾಜಿಸ್ಟ್ರೇಟರಿಗೆ ಗೊತ್ತಿಲ್ಲ, ಇನ್‌ಸ್ಪೆಕ್ಟರಿಗೆ ಗೊತ್ತಿಲ್ಲ. ದಣಿ ಕಳ್ಳನೆಂಬುದಂತೂ ಸತ್ಯ. ಅವನ ಗೋದಾಮಿನಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ. ಕಳ್ಳನನ್ನು ಒಳಗೆ ಹಾಕಲು ಒಂದು ಸುಳ್ಳು ಹೇಳಿದರೆ ಏನಾಯಿತು? ನಾನು ಹಿಂದಿನ ಬೆಂಚಿನ ಕಡೆ ನೋಡಿದೆ. ಸಾಹುಕಾರರು ಮೇಜಿನ ಮೇಲಿನ ಅಡಿಕೆಯ ಹೋಳುಗಳನ್ನೇ ನೋಡುತ್ತಿದ್ದರು. ಅಷ್ಟು ದೂರದಿಂದಲೂ ಅವರಿಗೆ ತಿಳಿದುಹೋಗಿತ್ತು. ಮೆಲ್ಲಗೆ ತಲೆ ಎತ್ತಿ ನನ್ನನ್ನು ನೋಡಿ, ಇದ್ದದ್ದು ಹೇಳು ಎಂಬಂತೆ ತಲೆಯಾಡಿಸಿದರು.

"ಇದು ನಮ್ಮೂರಿನದ್ದು" ಎಂದೆ. "ಆದ್ರೆ ಅವತ್ತು ಡಬ್ಬಿಗೆ ಹಾಕಿದ್ದು ಇದಲ್ಲ, ಸ್ವಾಮೀ. ಯಾರೋ ಬದಲು ಮಾಡಿದ್ದಾರೆ!"

"ಕೇಳಿದ್ದಕ್ಕೆ ಮಾತ್ರ ಹೇಳಮ್ಮ" ಎಂದ ವಕೀಲ. "ಮುದ್ರೆ ಸರಿ ಇದೆ, ಲೆಕ್ಕ ಸರಿ ಇದೆ."

ಮುಗಿಯಿತು. ಕೇಸು ವಜಾ. ಗೋದಾಮಿನ ದಣಿ ನನ್ನ ಪಕ್ಕದಲ್ಲೇ ಹಾದು ಹೋಗುವಾಗ ಕೈ ಮುಗಿದ. ನನಗೆ ಮೈಯೆಲ್ಲ ಉರಿಯಿತು. ಎಷ್ಟು ತಿನ್ನಿಸಿ ಬದಲು ಮಾಡಿಸಿದನೋ ಎಂದು ಸುಂಕದ ಆಫೀಸಿಗೆ ಬಂದು ಇನ್‌ಸ್ಪೆಕ್ಟರ ಮೇಲೆ ಹಾರಿಬಿದ್ದೆ. ಅವರು ಪಾಪ, ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ಆಗ ಜವಾನ ನನ್ನನ್ನು ಬದಿಗೆ ಕರೆದ.

"ಅಕ್ಕ, ಯಾರೂ ಬದಲು ಮಾಡ್ಲಿಲ್ಲ. ಡಬ್ಬಿ ಮಾಡಿದ ವಾರವೇ ಮಂಗ್ಳೂರಿನ ದೊಡ್ಡ ಆಫೀಸರು ಬಂದವರು ಮುದ್ರೆ ಒಡ್ದು ನೋಡಿ ಹೋದ್ರು. ಪುನಃ ಹಾಕ್ಲಿಕ್ಕೆ ಅರಗು ಇರ್ಲಿಲ್ಲ, ಬರೆದು ಕಳಿಸಿದ್ದು ಬರ್ಲೇ ಇಲ್ಲ. ಡಬ್ಬಿ ಹಗ್ಗ ಕಟ್ಟಿ ಕಪಾಟಿನಲ್ಲಿ ಇತ್ತು. ನನ್ನ ಸಂಚಿಯಲ್ಲಿ ಅಡಿಕೆ ಮುಗಿದಾಗ ಒಂದು ತೆಗೀತಿದ್ದೆ. ದಿನಕ್ಕೆ ಒಂದು, ಬಂದವರಿಗೆ ಕೊಟ್ರೆ ಎರಡು. ಆದ್ರೆ ಕದ್ದದ್ದಲ್ಲ ಅಕ್ಕ! ಒಂದು ತಿಂದ್ರೆ ಮರುದಿನ ಮನೆಯಿಂದ ಒಂದು ತಂದು ಹಾಕ್ತಿದ್ದೆ. ಸರ್ಕಾರದ ಸೊತ್ತು ಅಲ್ವಾ, ಹಾಳಾದ್ದು ಹಾಕುದು ಬೇಡ ಅಂತ ಒಳ್ಳೇದೇ ಆರಿಸಿ ಹಾಕಿದ್ದೇನೆ. ಮೊನ್ನೆ ಅರಗು ಬಂತು, ಸಾಹೇಬರು ಮುದ್ರೆ ಒತ್ತಿದ್ರು."

ನಾನು ಅವನ ಮುಖವನ್ನೇ ನೋಡಿದೆ. ಬೈಯಲು ಬಾಯಿ ತೆರೆದೆ. ನನ್ನ ಬಾಯಲ್ಲಿ ಬೈಗುಳಕ್ಕೆ ಬರ ಎಂದು ಯಾರೂ ಹೇಳುವ ಹಾಗಿಲ್ಲ. ಆದರೆ ಅಷ್ಟರಲ್ಲಿ ಇನ್ನೊಂದು ನೆನಪಾಗಿ ನಾನು ಆ ಜಗಲಿಯ ಕಂಬ ಹಿಡಿದುಕೊಂಡೆ. ಚೊಗರಿಲ್ಲ, ಮರದ ತುಂಡು ಅಗಿದ ಹಾಗೆ ಎಂದು ಜಗಲಿಯಾಚೆ ಉಗುಳಿದ್ದು ಯಾರು? ಬಂದವರಿಗೆ ಕೊಟ್ಟದ್ದರಲ್ಲಿ ನನ್ನ ಪಾಲು ಎಷ್ಟು? ವಾಯಿದೆಗೊಂದರಂತೆ ಸಾಕ್ಷಿಯನ್ನು ನಾನೇ ಜಗಿದು ಉಗಿದಿದ್ದೆ.

ಡೆಲ್ಲಿಯಲ್ಲಿ ಕೂತು ಅಷ್ಟು ದೊಡ್ಡವರು ಕಾಯ್ದೆ ಬಿಗಿ ಮಾಡಿದರಂತೆ. ಇಲ್ಲಿ ಡಬ್ಬಿಗೆ ಮುದ್ರೆ ಒತ್ತಲು ಒಂದು ತುಂಡು ಅರಗು ಇಲ್ಲ. ಇದ್ದರೂ ನಮ್ಮಂಥವರ ಊರಲ್ಲಿ ಅಡಿಕೆ ಡಬ್ಬಿ ಕಪಾಟಿನಲ್ಲಿಟ್ಟು ತಿನ್ನಬೇಡಿ ಎಂದರೆ ಆಗುವ ಮಾತೇ? ಅಡಿಕೆ ಕಂಡರೆ ನಮ್ಮ ಕೈ ನಮ್ಮನ್ನು ಕೇಳದೆ ಹೋಗುತ್ತದೆ. ಅದು ಧಾರವಾಡದವರಿಗೆ ಹೇಗೆ ಗೊತ್ತಾಗಬೇಕು?

ಚಾವಡಿಗೆ ಓಡಿದೆ. ಸಾಹುಕಾರರು ಒಬ್ಬರೇ ಕೂತಿದ್ದರು. ಒಂದನ್ನೂ ಬಿಡದೆ ಎಲ್ಲಾ ಹೇಳಿದೆ, ಅತ್ತುಕೊಂಡೇ ಹೇಳಿದೆ. ಜವಾನನ ಹೆಸರು ಹೇಳಿ ದೂರು ಕೊಟ್ಟರೆ ಅವನ ಕೆಲಸ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ, ಆದರೆ ಕೇಸು ಪುನಃ ತೆರೆದರೂ ತೆರೆಯಬಹುದು ಎಂದೂ ಹೇಳಿದೆ.

"ಬೇಡ" ಎಂದರು. ಆಮೇಲೆ ಕೇಳಿದರು, "ತಿಂದಾಗ ನೀನು ಎಂತ ಹೇಳಿದೆ?"

"ಮರದ ತುಂಡಿನ ಹಾಗೆ ಉಂಟು ಅಂದೆ."

"ಹಾಗಾದ್ರೆ ನೀನು ಸಾಕ್ಷಿ ಸರಿಯಾಗಿಯೇ ಹೇಳಿದ್ದಿ ಮಗಳೇ. ಕೇಳಿದವ ಮಾತ್ರ ಮ್ಯಾಜಿಸ್ಟ್ರೇಟ್ ಅಲ್ಲ." ನಗಲು ನೋಡಿದರು, ಆಗಲಿಲ್ಲ. ಅವರ ಕಣ್ಣಲ್ಲಿ ನೀರು ಕಂಡದ್ದು ನಾನು ಅದೇ ಮೊದಲು.

ಪೇಟೆಯಲ್ಲಿ ಮಾತು ತಿರುಗಿತು. ಗೋದಾಮಿನ ದಣಿ ಬೆರೆಸಲಿಲ್ಲ ಎಂದು ಕೋರ್ಟೇ ಹೇಳಿತು, ಮತ್ತೆ ಬೆರೆಸಿದ್ದು ಯಾರು? ಬ್ಯಾರಿಗಳೇ ಇರಬೇಕು. ನನ್ನ ಸತ್ಯ ಹೋಗಿ ಹೋಗಿ ಅವರ ತಲೆಯ ಮೇಲೆಯೇ ಬಿತ್ತು. ಎರಡು ತಿಂಗಳಲ್ಲಿ ಚಾವಡಿಗೆ ಬೀಗ ಬಿತ್ತು. ಮೂವತ್ತು ಹೆಂಗಸರು ಮನೆಗೆ. ನನಗೆ ಮನೆಯಲ್ಲೂ ಕೂರಲಾಗದು, ನಿಲ್ಲಲಾಗದು. ಗುತ್ತಿಗಾರಿನಿಂದ ಅಣ್ಣ ಬಂದು, ಈ ವರ್ಷದ ಅಡಿಕೆ ಕೇಳುವವರೇ ಇಲ್ಲ, ಪೇಟೆಯಲ್ಲಿ ಹಡಗಿನದ್ದೇ ತುಂಬಿದೆ ಎಂದು ಹೇಳಿ ಹೋದ.

ಆಗ ಒಂದು ಬೆಳಿಗ್ಗೆ ನಮ್ಮ ಮನೆಗೆ ಹರಿವಾಣ ಬಂತು! ಗೋದಾಮಿನ ದಣಿಯದ್ದು. ಅವನ ರೈಟರು ತಂದಿದ್ದ. "ಕೋರ್ಟಿನಲ್ಲಿ ಸತ್ಯ ಹೇಳಿದ ಹೆಂಗಸು ನಮ್ಮಲ್ಲಿ ಆಯ್ಲಿಕ್ಕೆ ಬರ್ಬೇಕು ಅಂತ ದಣಿಗಳು ಹೇಳಿದ್ದಾರೆ" ಎಂದ. ಎಷ್ಟು ಸೊಕ್ಕು ನೋಡಿ. ಕತ್ತು ಹಿಡಿದು ನೂಕಬೇಕೆಂದು ಎದ್ದವಳು, ಎಲೆಯ ಮೇಲಿದ್ದ ಅಡಿಕೆ ನೋಡಿದೆ. ಕೈಗೆ ತೆಗೆದುಕೊಂಡು ಉರುಳಿಸಿದೆ. "ನಾಳೆ ಹೇಳ್ತೇನೆ ಹೇಳಿ" ಎಂದು ಕಳಿಸಿದೆ. ಅವನು ಗೇಟು ದಾಟಿದ ಕೂಡಲೇ ಕತ್ತರಿಸಿದೆ. ದಪ್ಪ ಗೆರೆ, ನಡುವೆ ಟೊಳ್ಳು. ಜೈಲು ತಪ್ಪಿಸಿಕೊಂಡ ಮನುಷ್ಯ ನನ್ನ ಮನೆಗೆ ಹಡಗಿನ ಅಡಿಕೆಯನ್ನೇ ಕಳಿಸಿದ್ದ!

ಎರಡು ಹೋಳು ಸೆರಗಿನಲ್ಲಿ ಗಂಟು ಹಾಕಿ ಸುಂಕದ ಆಫೀಸಿಗೆ ನಡೆದೆ. ಜವಾನ ನನ್ನನ್ನು ಕಂಡು ಎದ್ದು ನಿಂತ. ಹೋಳು ಕೈಗೆ ಕೊಟ್ಟೆ.

"ಇದನ್ನು ಎಲ್ಲಿ ಇಡ್ಲಿ ಅಕ್ಕ?"

"ಎಲ್ಲಿ ಬೇಕಾದ್ರೂ ಇಡಿ ಮಾರಾಯ್ರೆ, ಬಾಯಲ್ಲಿ ಮಾತ್ರ ಇಡ್ಬೇಡಿ."

ಇನ್‌ಸ್ಪೆಕ್ಟರು ಹೋಳುಗಳನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. "ಒಂದ ಅಡಿಕಿಯಿಂದ ಕೇಸು ಆಗೂದಿಲ್ಲವ್ವಾ."

"ಎಷ್ಟು ಬೇಕು ಹೇಳಿ" ಎಂದೆ. "ನಾಳೆಯಿಂದ ನಾನು ಅಲ್ಲೇ ಕೂರುವವಳು. ಲಾರಿ ಯಾವಾಗ ಬರ್ತದೆ, ಯಾವ ಕೋಣೆಯಲ್ಲಿ ಗೋಣಿ ಬದಲಿಸ್ತಾರೆ, ಕಾಗದ ಎಲ್ಲಿಡ್ತಾರೆ, ಎಲ್ಲಾ ನೋಡಿ ಹೇಳ್ತೇನೆ. ಆದ್ರೆ ಈ ಸಲ ಅರಗು ನಾನೇ ಅಂಗಡಿಯಿಂದ ತಂದು ಕೊಡುದು."

ಸಾಹುಕಾರರಿಗೆ ಹೇಳದೆ ಹೋಗುವುದು ಹೇಗೆ? ಊರೆಲ್ಲ ನಾನು ಅವರನ್ನು ಬಿಟ್ಟು ಕಳ್ಳನ ಕಡೆ ಹೋದೆ ಎನ್ನುತ್ತದೆ. ಹೇಳಿದೆ. ಅವರು ಖಾಲಿ ಚಾವಡಿಯಲ್ಲಿ ಅಚ್ಚಿನ ತಗಡಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರುತ್ತಾ ಕೂತಿದ್ದರು.

"ಹೋಗು ಮಗಳೇ. ಒಂದೇ ಮಾತು. ಅಲ್ಲಿಂದು ಬಾಯಿಗೆ ಹಾಕ್ಬೇಡ."

ಆರು ವಾರ ಆ ಗೋದಾಮಿನಲ್ಲಿ ಅಡಿಕೆ ಆಯ್ದೆ. ಎಲೆಗೆ ಸುಣ್ಣ ಮಾತ್ರ ಹಚ್ಚಿ ತಿನ್ನುತ್ತಿದ್ದೆ, ನಾಲಿಗೆ ಸುಟ್ಟು ಹೋಯಿತು. ನನ್ನ ಜೊತೆ ಅಷ್ಟು ವರ್ಷ ಕೂತ ಹೆಂಗಸರು ದಾರಿಯಲ್ಲಿ ಕಂಡರೆ ಮುಖ ತಿರುಗಿಸಿದರು, ಒಬ್ಬಳು ನನ್ನ ಕಾಲಿನ ಬುಡಕ್ಕೇ ಉಗುಳಿದಳು. ಹೇಳುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ನಡೆದೆ. ಕಂಡದ್ದನ್ನೆಲ್ಲ ಜವಾನನ ಹತ್ತಿರ ಹೇಳುತ್ತಿದ್ದೆ, ಅವನು ಒಂದಕ್ಷರ ಬಿಡದೆ ಇನ್‌ಸ್ಪೆಕ್ಟರಿಗೆ ಮುಟ್ಟಿಸುತ್ತಿದ್ದ. ಏಳನೇ ವಾರ, ಗೋಣಿ ಬದಲಿಸುತ್ತಿದ್ದ ಹೊತ್ತಿಗೇ, ಹಗಲು ಹನ್ನೊಂದು ಗಂಟೆಗೆ ಬಾಗಿಲು ಬಡಿದರು. ಹಡಗಿನ ಕಾಗದ ಸಮೇತ ಸಿಕ್ಕಿತು. ನಾಲ್ಕು ಡಬ್ಬಿ ತುಂಬಿದರು. ನಾನು ತಂದ ಅರಗು ಕರಗಿಸಿ ನನ್ನೆದುರೇ ಮುದ್ರೆ ಒತ್ತಿದರು. ಮೂರನ್ನು ಆ ದಿನವೇ ಮಂಗಳೂರಿಗೆ ಕಳಿಸಿದರು. ನಾಲ್ಕನೆಯದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವಾಗ ಜವಾನ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ದೂರ ನಿಂತಿದ್ದ.

ಎರಡನೇ ಸಲ ಕೋರ್ಟಿನಲ್ಲಿ ಅದೇ ವಕೀಲ ಎದ್ದು, ಈ ಹೆಂಗಸು ಬ್ಯಾರಿಯ ಕಡೆಯವಳು, ಅವನ ಪರ ಸುಳ್ಳು ಹೇಳುತ್ತಾಳೆ ಎಂದು ಕೂಗಾಡಿದ. ಮ್ಯಾಜಿಸ್ಟ್ರೇಟರು ಹಳೆಯ ಕಡತ ತೆಗೆಸಿ ಓದಿದರು. ಕನ್ನಡಕ ತೆಗೆದು, "ಹೋದ ಸಲ ಇವಳು ಆ ಬ್ಯಾರಿಯ ವಿರುದ್ಧವೇ ಹೇಳಿದ್ದಾಳಲ್ಲ. ಆಗ ನೀವು ಇವಳ ಮಾತು ನಂಬಬೇಕು ಅಂದಿರಿ" ಎಂದರು. ವಕೀಲ ಕೂತ. ನಾನು ಕತ್ತರಿಸಿದೆ, ತೋರಿಸಿದೆ, "ಇದು ನಮ್ಮದಲ್ಲ" ಎಂದೆ. ಗೋದಾಮಿನ ದಣಿ ಜೈಲಿಗೆ ಹೋದ. ಹೆಚ್ಚು ದಿನವಲ್ಲ. ಆದರೆ ಹೋದ. ಜುಲ್ಮಾನೆ ಕಟ್ಟಿ ಮೀಸೆ ತಿರುವಿಕೊಂಡು ಮನೆಗೆ ಹೋಗಲಿಲ್ಲ.

ಸಾಹುಕಾರರು ತೀರ್ಪಿನ ಪ್ರತಿಯನ್ನು ಉತ್ತರಕ್ಕೆ ಕಳಿಸಿದರು. ಬಹಳ ದಿನ ಕಾದ ಮೇಲೆ ಒಬ್ಬನೇ ಒಬ್ಬ ವ್ಯಾಪಾರಿಯ ಕಾಗದ ಬಂತು. ಹತ್ತು ಗೋಣಿ ಕಳಿಸಿ ನೋಡುವ, ಎಂದು. ಉಳಿದವರಿಗೆ ಉಂಗುರವೂ ಮೂರು ಚುಕ್ಕಿಯೂ ಮರೆತೇ ಹೋಗಿತ್ತು. ಚಾವಡಿಯ ಬೀಗ ತೆಗೆದೆವು. ಮೂವತ್ತರಲ್ಲಿ ಒಂಬತ್ತು ಹೆಂಗಸರು ಬಂದರು. ಕಾಲಬುಡಕ್ಕೆ ಉಗುಳಿದವಳೂ ಬಂದು ನನ್ನ ಪಕ್ಕದಲ್ಲೇ ಕೂತಳು.

ಹತ್ತನೆಯ ಗೋಣಿಗೆ ಗುರುತು ಹಾಕಿ ಸಾಹುಕಾರರು ಸೊಂಟ ಹಿಡಿದುಕೊಂಡು ಎದ್ದರು. ಒಳಗೆ ಹೋಗಿ ಹರಿವಾಣ ತಂದರು. ಎಲೆ, ಸುಣ್ಣ, ಮೇಲೊಂದು ಅಡಿಕೆ. ಅಷ್ಟೂ ವರ್ಷದಲ್ಲಿ ಕೆಲಸದ ಹೆಂಗಸಿನ ಮುಂದೆ ಅವರು ಹರಿವಾಣ ಹಿಡಿದದ್ದು ಅದೇ ಮೊದಲು.

"ಈಗ ತಿನ್ನು ಮಗಳೇ. ಇದು ನಮ್ಮದು."

ಕೈ ಚಾಚಿ ಅಡಿಕೆ ತೆಗೆದುಕೊಂಡೆ. ಬಾಯಿಗೆ ಹಾಕಬೇಕೆಂದೇ ಎತ್ತಿದ್ದು, ದೇವರಾಣೆ. ಆದರೆ ಇನ್ನೊಂದು ಕೈ ಆಗಲೇ ಅಡಕತ್ತರಿ ಹಿಡಿದಿತ್ತು. ಅವರ ಕಣ್ಣೆದುರಿಗೇ ಅದನ್ನು ಎರಡು ಹೋಳು ಮಾಡಿ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ತಿಂದೆ. ಸಾಹುಕಾರರು ಹರಿವಾ‍ಣ ಹಿಡಿದುಕೊಂಡು ಒಳಗೆ ಹೋದರು.